ಬೇಯಿಸಿದರೆ ಮೊಟ್ಟೆಯ ಪ್ರೋಟೀನ್ ನಾಶವಾಗುತ್ತದೆಯೇ?

‘ಬೇಯಿಸಿದರೆ ಪ್ರೋಟೀನ್ ನಾಶ, ಮೊಟ್ಟೆಯನ್ನು ಹಸಿಯಾಗಿಯೇ ಕುಡಿಯಿರಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿರುತ್ತದೆ. ಇದು ತಪ್ಪು.

ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳನ್ನು ಪೋಣಿಸಿದ ಸರ. ಮೊಟ್ಟೆಯ ಬಿಳಿಭಾಗದ ಮುಖ್ಯ ಪ್ರೋಟೀನಾದ ಓವಾಲ್ಬುಮಿನ್‌ನಲ್ಲಿ ಇಂಥ 385 ಮಣಿಗಳಿವೆ. ಸರ ಮಡಿಚಿ ಉಂಡೆಯಾಗಿರುತ್ತದೆ. ಆ ಮಡಿಕೆಗಳನ್ನು ಹಿಡಿದಿಡುವುದು ಬಹುಮಟ್ಟಿಗೆ ಹೈಡ್ರೋಜನ್ ಬಂಧದಂಥ ದುರ್ಬಲ ಕೊಂಡಿಗಳು. ಬಿಸಿಗೆ ಈ ಕೊಂಡಿಗಳು ಕಳಚಿ ಸರ ಬಿಚ್ಚಿಕೊಳ್ಳುತ್ತದೆ. ಬೇರೆ ಕೆಲವು ಪ್ರೋಟೀನ್‌ಗಳು ಬೇಗ ಬಿಚ್ಚುವುದರಿಂದ ಸುಮಾರು 62 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಿಳಿಭಾಗ ಗಟ್ಟಿಯಾಗತೊಡಗುತ್ತದೆ. ಓವಾಲ್ಬುಮಿನ್ ಬಿಚ್ಚಿಕೊಳ್ಳಲು ಮಾತ್ರ 80ರ ಆಸುಪಾಸು ಬೇಕು. ಬಿಚ್ಚಿದ ಸರಗಳು ಒಂದಕ್ಕೊಂದು ತೊಡರಿಕೊಂಡು ಬೆಳ್ಳಗಾಗುತ್ತವೆ. ಆದರೆ ಮಣಿಗಳನ್ನು ಜೋಡಿಸಿದ ಪೆಪ್ಟೈಡ್ ಬಂಧ ಹತ್ತು ನಿಮಿಷದ ಕುದಿಗೆ ಜಗ್ಗುವುದಿಲ್ಲ. ಹೋಗುವುದು ಆಕಾರ, ಜೊತೆಗೆ ಆ ಆಕಾರದಿಂದ ನಡೆಯುತ್ತಿದ್ದ ಕೆಲಸ. ಜೀವಕೋಶಕ್ಕೆ ಅದು ದೊಡ್ಡ ನಷ್ಟ, ಊಟದ ತಟ್ಟೆಗಲ್ಲ. ಜಠರದ ಆಮ್ಲವೂ ಹೇಗೂ ಪ್ರೋಟೀನನ್ನು ಬಿಚ್ಚುತ್ತದೆ.

ಬಿಚ್ಚಿದ ಸರವನ್ನು ಪೆಪ್ಸಿನ್, ಟ್ರಿಪ್ಸಿನ್ ಕಿಣ್ವಗಳು ಸುಲಭವಾಗಿ ಕತ್ತರಿಸುತ್ತವೆ. 1998ರ ಬೆಲ್ಜಿಯಂ ಅಧ್ಯಯನವೊಂದರಲ್ಲಿ ಬೆಂದ ಮೊಟ್ಟೆಯ ಪ್ರೋಟೀನ್ ಶೇ 91ರಷ್ಟು ಜೀರ್ಣವಾಯಿತು, ಹಸಿಯದು ಶೇ 51 ಮಾತ್ರ. ಮೇಲಾಗಿ ಹಸಿ ಬಿಳಿಭಾಗದಲ್ಲಿರುವ ಅವಿಡಿನ್ ಎಂಬ ಪ್ರೋಟೀನ್, ಬಯೋಟಿನ್ ಎಂಬ ವಿಟಮಿನ್ನನ್ನು ಬಿಗಿಯಾಗಿ ಹಿಡಿದು ದೇಹಕ್ಕೆ ಸಿಗದಂತೆ ಮಾಡುತ್ತದೆ. ಸಾಲ್ಮೊನೆಲ್ಲಾ ಸೋಂಕಿನ ಭಯ ಬೇರೆ.

ಒಂದು ಎಚ್ಚರಿಕೆ: ಸೀದು ಕಪ್ಪಾಗುವಷ್ಟು ಹುರಿದರೆ ಲೈಸಿನ್‌ನಂಥ ಅಮೈನೋ ಆಮ್ಲ ಸ್ವಲ್ಪ ಹಾಳಾಗುವುದು ನಿಜ.