ಹಲ್ಲೂ ಇದೆ, ಕಡಲೆಯೂ ಇದೆ, ಪರ್ಮಿಟ್ ಇಲ್ಲ

ಇನ್ನೊಂದು ಸಲ ಯಾರಾದರೂ "ನಿಮ್ಮೂರಲ್ಲಿ ಎಷ್ಟು ನೆಮ್ಮದಿ ಅಲ್ವಾ" ಅಂದರೆ ಫೋನ್ ಎತ್ತಿ ಗೋಡೆಗೆ ಬಿಸಾಕುತ್ತೇನೆ. ಈಗಲೇ ಹೇಳಿರುತ್ತೇನೆ.

ನಿನ್ನೆ ರಾತ್ರಿ ಡಾಲಸ್‌ನಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಅದನ್ನೇ ಅಂದಳು. "ಪುಣ್ಯ ಮಾಡಿದ್ದೀಯ ಕಣೇ. ಟ್ರಾಫಿಕ್ ಇಲ್ಲ, ಗಲಾಟೆ ಇಲ್ಲ, ಅಷ್ಟು ದೊಡ್ಡ ಮನೆ." ಅವಳ ಮನೆಯಿಂದ ಇಂಡಿಯನ್ ಅಂಗಡಿಗೆ ಐದು ನಿಮಿಷ. ಅವಳಿಗೆ ನುಗ್ಗೆಕಾಯಿ ಸಿಗುತ್ತದೆ, ಸೀಮೆಬದನೆ ಸಿಗುತ್ತದೆ, ಯುಗಾದಿಗೆ ಬೇವು ಕೂಡ ಸಿಗುತ್ತದೆ. ಅಂಥವಳು ನನ್ನ ಪುಣ್ಯ ಲೆಕ್ಕ ಹಾಕುತ್ತಾಳೆ.

ನಾವಿರುವುದು ಅಮೆರಿಕದಲ್ಲಿ, ಪಶ್ಚಿಮ ಕಾನ್ಸಾಸ್‌ನ ಒಂದು ಊರಿನಲ್ಲಿ. ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆ ಪೋಸ್ಟ್ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಾಗಿರುತ್ತದೆ. ಅವರಿಗೆ ಕನ್ನಡ ಬರುವುದಿಲ್ಲ, ನಿಜ. ಆದರೂ ಹೇಗೋ ಗೊತ್ತಾಗುತ್ತದೆ, ಅಂಥ ಊರು. ಜನಸಂಖ್ಯೆ ಸಾವಿರದ ಚಿಲ್ಲರೆ. ರೈಲು ಹಳಿ ಪಕ್ಕ ಗೋಧಿ ತುಂಬುವ ಕಾಂಕ್ರೀಟಿನ ಎತ್ತರದ ಗೋಪುರಗಳು, ಅವನ್ನು ಎಲಿವೇಟರ್ ಅಂತಾರೆ. ನಾನು ಮೊದಲ ದಿನ ಲಿಫ್ಟ್ ಇರುವ ಕಟ್ಟಡ ಅಂದುಕೊಂಡಿದ್ದೆ. ಒಂದು ಶಾಲೆ, ಒಂದು ಬ್ಯಾಂಕು, ಆರು ಚರ್ಚು. ಊರಾಚೆ ಫೀಡ್‌ಲಾಟ್. ಸಾವಿರಗಟ್ಟಲೆ ದನಗಳನ್ನು ಬಯಲಲ್ಲೇ ಬೇಲಿ ಕಟ್ಟಿ ಕೂಡಿ, ಮುಸುಕಿನ ಜೋಳ ತಿನ್ನಿಸಿ ಕೊಬ್ಬಿಸುವ ಜಾಗ ಅದು. ಗಾಳಿ ಆ ಕಡೆಯಿಂದ ಬೀಸಿದ ದಿನ ಬಟ್ಟೆ ಹೊರಗೆ ಒಣಗಿಸುವ ಹಾಗಿಲ್ಲ. ಊರವರು ಮೂಗು ಮುಚ್ಚಿಕೊಳ್ಳುವುದಿಲ್ಲ. ಅದು ದುಡ್ಡಿನ ವಾಸನೆ ಅಂತ ನಗುತ್ತಾರೆ. ಸರಿ, ಅವರ ದುಡ್ಡು, ಅವರ ವಾಸನೆ.

ನಾವು ಇಲ್ಲಿಗೆ ಆಸೆಪಟ್ಟು ಬಂದವರಲ್ಲ. ಇವರು ಡೆಟ್ರಾಯಿಟ್‌ನಲ್ಲಿ ಡಾಕ್ಟರಿಕೆಯ ತರಬೇತಿ, ಅಂದರೆ ರೆಸಿಡೆನ್ಸಿ, ಮಾಡಿದ್ದು ಜೆ-1 ವೀಸಾದಲ್ಲಿ. ಅದು ಮುಗಿದ ಮೇಲೆ ಡಾಕ್ಟರು ಎರಡು ವರ್ಷ ತಮ್ಮ ದೇಶಕ್ಕೆ ವಾಪಸ್ ಹೋಗಬೇಕು. ಇಲ್ಲವಾದರೆ ಡಾಕ್ಟರು ಸಿಗದ ಜಾಗದಲ್ಲಿ ಮೂರು ವರ್ಷ ಕೆಲಸ ಮಾಡಬೇಕು. ಕಾನ್ರಾಡ್ 30 ಅಂತ ಇದಕ್ಕೆ ಹೆಸರು. ನಾರ್ತ್ ಡಕೋಟದ ಸೆನೆಟರ್ ಕೆಂಟ್ ಕಾನ್ರಾಡ್ 1994ರಲ್ಲಿ ತಂದಿದ್ದು. ಒಂದೊಂದು ರಾಜ್ಯಕ್ಕೆ ವರ್ಷಕ್ಕೆ 30 ಡಾಕ್ಟರು. ನಮ್ಮ ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿದವರಿಗೆ ಒಂದು ವರ್ಷ ಗ್ರಾಮೀಣ ಸೇವೆ ಅಂತ ಇದೆಯಲ್ಲ, ಅದರ ಅಣ್ಣ ಅಂದುಕೊಳ್ಳಿ. ಇಲ್ಲಿಯ ಆಸ್ಪತ್ರೆ 25 ಹಾಸಿಗೆಯೊಳಗಿನ ಸಣ್ಣ ಆಸ್ಪತ್ರೆ. ಇವರು ಬಂದಾಗ ಊರವರು ನಿಜವಾಗಿಯೂ ಖುಷಿಪಟ್ಟರು. ಮನೆ ಬಾಗಿಲಿಗೆ ಕೇಕ್ ತಂದರು, ಪೈ ತಂದರು, ಬೀಫ್ ಹಾಕಿ ಓವನ್ನಿನಲ್ಲಿ ಬೇಯಿಸಿದ ಕ್ಯಾಸರೋಲ್ ತಂದರು. ಕ್ಯಾಸರೋಲನ್ನು ಏನು ಮಾಡಿದೆವು ಅಂತ ಕೇಳಬೇಡಿ.

ಇವರಿಗೆ ಬೇಕಾದಷ್ಟು ಕೆಲಸ. ನನ್ನ ಕಥೆ ಕೇಳಿ.

ನಾನು ಹಲ್ಲಿನ ಡಾಕ್ಟರು. ದಾವಣಗೆರೆಯಲ್ಲಿ ಬಿಡಿಎಸ್ ಓದಿದೆ. ತುಮಕೂರಿನಲ್ಲಿ ಮೂರು ವರ್ಷ ಕ್ಲಿನಿಕ್‌ನಲ್ಲಿ ಕೂತೆ. ದಿನಕ್ಕೆ ಇಪ್ಪತ್ತು ಬಾಯಿ ನೋಡಿದವಳು. ಅಡಿಕೆ ಜಗಿದು ಸವೆದ ಹಲ್ಲು, ಬೈಕಿಂದ ಬಿದ್ದು ಮುರಿದ ಹಲ್ಲು, ಮದುವೆಗೆ ಮುಂಚೆ ಸರಿ ಮಾಡಿಸಬೇಕಾದ ಹಲ್ಲು, ಎಲ್ಲ ನೋಡಿದ್ದೇನೆ.

ಈ ಊರಲ್ಲಿ ಹಲ್ಲಿನ ಡಾಕ್ಟರಿಲ್ಲ. ಈ ಕೌಂಟಿಯಲ್ಲೇ ಇಲ್ಲ, ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಪಶ್ಚಿಮ ಕಾನ್ಸಾಸ್‌ನಲ್ಲಿ ಇಂಥ ಕೌಂಟಿಗಳು ಹಲವು. ದನಕ್ಕೆ ಡಾಕ್ಟರಿದ್ದಾರೆ, ಒಳ್ಳೆಯ ಮನುಷ್ಯ, ರಾತ್ರಿ ಎರಡಕ್ಕೆ ಕರೆದರೂ ಪಿಕಪ್ ಹತ್ತಿ ಬರುತ್ತಾರೆ. ಕರುವಿಗೆ ಹೊಟ್ಟೆ ಉಬ್ಬರಿಸಿದರೆ ಅರ್ಧ ಗಂಟೆಯಲ್ಲಿ ಔಷಧ. ಮನುಷ್ಯನಿಗೆ ದವಡೆ ಊದಿದರೆ 62 ಮೈಲಿ ದೂರದ ಗಾರ್ಡನ್ ಸಿಟಿ. ಅಲ್ಲಿ ಫೋನ್ ಮಾಡಿದರೆ ಹೊಸ ಪೇಷೆಂಟ್ ಆದರೆ ಮೂರು ತಿಂಗಳು ಕಾಯಿರಿ ಅಂತಾರೆ.

62 ಮೈಲಿ ಅಂದರೆ 100 ಕಿಲೋಮೀಟರ್. ಬೆಂಗಳೂರಿಂದ ಮಂಡ್ಯಕ್ಕೆ ಹೋದಷ್ಟು. ಆದರೆ ಮಂಡ್ಯದ ಹಳೇ ರಸ್ತೆ ನೆನೆಸಿಕೊಳ್ಳಿ. ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ಬೊಂಬೆ, ಮದ್ದೂರಲ್ಲಿ ವಡೆ, ನಡುವೆ ಎಳನೀರಿನವರು, ಹತ್ತು ಕಡೆ ಕಾಫಿ. ಇಲ್ಲಿ? ಗೋಧಿ ಹೊಲ. ಆಮೇಲೆ ಗೋಧಿ ಹೊಲ. ಆಮೇಲೆ ನೀರಾವರಿಯ ದೊಡ್ಡ ಚಕ್ರ ಸುತ್ತುವ ಮುಸುಕಿನ ಜೋಳದ ಹೊಲ. ಆಮೇಲೆ ಮತ್ತೆ ಗೋಧಿ. ಎದುರಿಗೆ ಬರುವ ಪಿಕಪ್‌ನವನು ಸ್ಟೇರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತಿ ನಮಸ್ಕಾರ ಹೇಳುತ್ತಾನೆ. ಅಷ್ಟೇ ದಾರಿಯ ಮನರಂಜನೆ. ಬಸ್ಸು? ಸುಮ್ನೆ ಕೇಳಬೇಡಿ.

ಅಮ್ಮ ಪ್ರತಿ ಸಲ ಫೋನಲ್ಲಿ, "ಹಳ್ಳಿ ತಾನೇ, ಹೊಂದಿಕೊಂಡು ಹೋಗಮ್ಮ" ಅಂತಾರೆ. ಅಮ್ಮಾ, ಇದು ಹಳ್ಳಿ ಅಲ್ಲ. ನಿಮ್ಮ ತಿಪಟೂರು ಪಕ್ಕದ ಹಳ್ಳಿಯಲ್ಲಿ ಬೆಳಗ್ಗೆ ಏಳಕ್ಕೆ ಕೆಂಪು ಬಸ್ಸು ಬರುತ್ತದೆ. ಸೊಪ್ಪಿನವಳು ಬಾಗಿಲಿಗೆ ಬರುತ್ತಾಳೆ. ಬಾಯಿ ಬಿಟ್ಟು ಕರೆದರೆ ಪಕ್ಕದ ಮನೆಗೆ ಕೇಳುತ್ತದೆ. ಇಲ್ಲಿ ಬೀದಿಯಲ್ಲಿ ನಡೆದು ಹೋದರೆ ನಾಲ್ಕು ಜನ ಕಾರು ನಿಲ್ಲಿಸಿ, ಕಾರು ಕೆಟ್ಟಿದೆಯಾ ಅಂತ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ಅದೇ ತಲೆನೋವು. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ನಾನು ಎಚ್-4 ವೀಸಾದಲ್ಲಿರುವ ಹೆಂಡತಿ, ಗಂಡನ ಕೆಲಸದ ವೀಸಾಕ್ಕೆ ಅಂಟಿಕೊಂಡು ಬರುವ ವೀಸಾ ಅದು. ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟುವ ತನಕ ನಾನು ಕೆಲಸ ಮಾಡುವ ಹಾಗಿಲ್ಲ. ಹಲ್ಲಿನ ಕೆಲಸ ಬಿಡಿ, ಊರಿನ ಪೆಟ್ರೋಲ್ ಬಂಕಿನಲ್ಲಿ ಕಾಫಿ ಲೋಟ ಜೋಡಿಸುವ ಹಾಗೂ ಇಲ್ಲ. ಆ ಹಂತ ದಾಟಿದರೂ ಹಲ್ಲು ಮುಟ್ಟಲು ಇಲ್ಲಿಯ ಡೆಂಟಲ್ ಕಾಲೇಜಿಗೆ ಸೇರಿ ಮತ್ತೆ ಎರಡು ವರ್ಷವಾದರೂ ಓದಬೇಕು. ಖರ್ಚು ಲಕ್ಷ ಡಾಲರ್ ದಾಟುತ್ತದೆ. ಈ ಕಡೆಯಿಂದ ಹತ್ತಿರದ ಕಾಲೇಜು ಅಂದರೆ ಪಕ್ಕದ ಕೊಲೊರಾಡೊ ರಾಜ್ಯದಲ್ಲಿ, ಡೆನ್ವರ್ ಹತ್ತಿರದ ಅರೋರಾದಲ್ಲಿ. ಆರು ವರ್ಷದ ಮಗಳನ್ನು ಇಲ್ಲಿ ಬಿಟ್ಟು ನಾನು ಅಲ್ಲಿ ರೂಮು ಮಾಡಿಕೊಂಡು ಇರಬೇಕು.

ಪರೀಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಬೇರೆ ದೇಶದಿಂದ ಬಂದವರನ್ನು ಪರೀಕ್ಷಿಸಲಿ, ಬಾಯಿಗೆ ಡ್ರಿಲ್ ಹಿಡಿಯುವವರು ತಾನೇ. ಆದರೆ ಗಂಡನಿಗೆ ಹೊಟ್ಟೆ, ಎದೆ, ಕಿಡ್ನಿ ಎಲ್ಲಕ್ಕೂ ಊರು ಕೆಂಪು ಜಮಖಾನೆ ಹಾಸುತ್ತದೆ. ಅದೇ ಮನುಷ್ಯನ ಅದೇ ದೇಹದಲ್ಲಿ ಗಂಟಲಿಂದ ಒಂದಿಷ್ಟು ಮೇಲೆ ಬಂದರೆ ಹೆಂಡತಿ ಕೈ ಕಟ್ಟಿ ಕೂರಬೇಕು. ಇದು ಯಾವ ಲೆಕ್ಕ?

ಕಳೆದ ಜನವರಿಯಲ್ಲಿ ಮಗಳಿಗೆ ಹಲ್ಲು ನೋವು ಶುರುವಾಯಿತು. ರಾತ್ರಿ ಅಳು. ಟಾರ್ಚ್ ಹಾಕಿ ನೋಡಿದೆ. ಹಾಲು ಹಲ್ಲು, ಹಿಂದಿನ ದವಡೆಯದು, ಹುಳುಕು ನರದ ತನಕ ಹೋಗಿತ್ತು. ಹಲ್ಲಿನ ಡಾಕ್ಟರ ಮಗಳಿಗೆ ಹುಳುಕು ಅಂತ ನಗಬೇಡಿ. ಶಾಲೆಯಲ್ಲಿ ಎಲ್ಲಕ್ಕೂ ಬಹುಮಾನ ಕ್ಯಾಂಡಿ. ತುಮಕೂರಿನಲ್ಲಿ ಅದು ನನಗೆ ಅರ್ಧ ಗಂಟೆಯ ಕೆಲಸ. ಇಲ್ಲಿ ನಾನು ಲವಂಗ ಜಜ್ಜಿ ಹತ್ತಿಯಲ್ಲಿಟ್ಟೆ. ಐದು ವರ್ಷದ ಬಿಡಿಎಸ್ ಕೊನೆಗೆ ನಮ್ಮಜ್ಜಿಯ ಲವಂಗಕ್ಕೆ ಬಂದು ನಿಂತಿತು.

ಪಶ್ಚಿಮಕ್ಕಿರುವ ಪಕ್ಕದ ಕೌಂಟಿಗೆ ಒಬ್ಬರು ವಾರಕ್ಕೆ ಎರಡು ದಿನ ಬರುತ್ತಾರೆ ಅಂತ ಗೊತ್ತಾಯಿತು. ಫೋನ್ ಮಾಡಿದೆ. ಪುಣ್ಯಕ್ಕೆ ಗುರುವಾರ ಒಂಬತ್ತಕ್ಕೆ ಬನ್ನಿ ಅಂದರು. ಕತ್ತಲಲ್ಲೇ ಎದ್ದು, ಐಸ್ ಕೆರೆದು, ಮಗುವನ್ನು ಕಂಬಳಿಯಲ್ಲಿ ಸುತ್ತಿ ಹೊರಟೆವು. ಸರಿಯಾಗಿ ಒಂಬತ್ತಕ್ಕೆ ಬಾಗಿಲ ಮುಂದೆ. ಬೀಗ. ಕಾನ್ಸಾಸ್‌ನಲ್ಲಿ 105 ಕೌಂಟಿಗಳು. ಅದರಲ್ಲಿ ಪಶ್ಚಿಮದ ಅಂಚಿನ ನಾಲ್ಕು ಕೌಂಟಿಗೆ ಮಾತ್ರ ಗಡಿಯಾರ ಬೇರೆ, ಮೌಂಟನ್ ಟೈಮ್, ಒಂದು ಗಂಟೆ ಹಿಂದೆ. ಅದು ಆ ನಾಲ್ಕರಲ್ಲಿ ಒಂದು. ಅಲ್ಲಿ ಇನ್ನೂ ಎಂಟು ಗಂಟೆ! ಹೊರಗೆ ಮೈನಸ್ ಹದಿನೈದು. ಗಾಳಿಗೆ ಕಾರು ಅಲ್ಲಾಡುತ್ತಿತ್ತು. ಅಕ್ಕಪಕ್ಕದಲ್ಲಿ ಎಲ್ಲಾದರೂ ಕೂತು ಬಿಸಿ ಏನಾದರೂ ಕುಡಿಯೋಣ ಅಂದರೆ ಒಂದು ಹೋಟೆಲ್ ಇಲ್ಲ. ಒಂದು ಗಂಟೆ ಹೀಟರ್ ಹಾಕಿಕೊಂಡು ಕೂತೆವು. ಮಗು ಅತ್ತು ಅತ್ತು ನಿದ್ದೆ ಹೋಯಿತು.

ಕೊನೆಗೆ ಒಳಗೆ ಹೋದರೆ ಆತ ಬಾಯಿ ನೋಡಿ ಏನಂದರು ಗೊತ್ತಾ? ನರದ ಕೆಲಸ, ಸಣ್ಣ ಮಗು, ನಾನು ಮಾಡಲ್ಲ, ಮಕ್ಕಳ ಹಲ್ಲಿನ ಡಾಕ್ಟರಿಗೆ ತೋರಿಸಿ ಅಂದರು. ಎಲ್ಲಿ? ವಿಚಿಟಾ. ನಮ್ಮೂರಿಂದ 240 ಮೈಲಿ. ಬೆಂಗಳೂರಿಂದ ಹಾವೇರಿ ದಾಟಿ ಹುಬ್ಬಳ್ಳಿ ಹತ್ತಿರ ಹೋದಷ್ಟು. ಅದೂ ಬಿದ್ದು ಹೋಗುವ ಹಾಲು ಹಲ್ಲಿಗೆ.

ಹೋದೆವು. ಇವರು ಎರಡು ದಿನ ರಜೆ ಹಾಕಿದರು. ಆ ಎರಡು ದಿನ ಊರಲ್ಲಿ ಡಾಕ್ಟರು ಕಮ್ಮಿ. ವಾಪಸ್ ಬಂದಾಗ ಬ್ಯಾಂಕಿನ ಹೆಂಗಸು ನಗುನಗುತ್ತಾ, ವಿಚಿಟಾದಲ್ಲಿ ಶಾಪಿಂಗ್ ಚೆನ್ನಾಗಿ ಆಯಿತಾ ಅಂತ ಕೇಳಿದರು. ನಾವು ವಿಚಿಟಾಕ್ಕೆ ಹೋಗಿದ್ದು ಅವರಿಗೆ ಹೇಗೆ ಗೊತ್ತು? ಗೊತ್ತು, ಅಷ್ಟೇ.

ಈಗ ಪಕ್ಕದ ಮನೆಯ ಅಜ್ಜನ ಸರದಿ. ವಯಸ್ಸು 78. ಜೀವನಪೂರ್ತಿ ಗೋಧಿ ಬೆಳೆದವರು. ಹೆಂಡತಿ ಹೋಗಿ ನಾಲ್ಕು ವರ್ಷ. ಜೂನ್‌ನಲ್ಲಿ ಕಟಾವು ಮುಗಿದಾಗ ನನ್ನ ಮಗಳನ್ನು ಕಂಬೈನ್ ಅನ್ನುವ ಕೊಯ್ಲಿನ ಯಂತ್ರದ ಮೇಲೆ ಕೂರಿಸಿ ಸುತ್ತಾಡಿಸಿದವರು. ಹೋದ ವಾರ ಪೋಸ್ಟ್ ಆಫೀಸಿನಲ್ಲಿ ಸಿಕ್ಕಿ, ಕೆನ್ನೆ ಹಿಡಿದುಕೊಂಡು, ನೀನು ಹಲ್ಲಿನ ಡಾಕ್ಟರಂತೆ, ಸ್ವಲ್ಪ ನೋಡ್ತೀಯಾ ಅಂದರು. ನನ್ನ ಕಡೆ ಬಾಯಿ ತೆರೆದೇಬಿಟ್ಟರು. ಸ್ಟ್ಯಾಂಪ್ ಕೊಳ್ಳುವ ಕ್ಯೂನಲ್ಲಿ!

ನಾನು ನೋಡಲಿಲ್ಲ ಅಂತ ಇಲ್ಲಿ ಬರೆಯುತ್ತಿದ್ದೇನೆ. ಹಾಗೇ ಇಟ್ಟುಕೊಳ್ಳಿ.

ಮೂರು ತಿಂಗಳು ಕಾಯಿರಿ ಅಂದಿದ್ದಕ್ಕೆ ಅವರು ಕಾಯುತ್ತಿದ್ದರು. ಒಂದೇ ಕಡೆ ಜಗಿಯುತ್ತಾರೆ. ಸೂಪು, ಸೇಬಿನ ಸಾಸು, ಮೆತ್ತಗಿನ ಬ್ರೆಡ್ಡು. 65 ದಾಟಿದವರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆ ಇದೆಯಲ್ಲ, ಮಾಮೂಲಿ ಮೆಡಿಕೇರ್‌ನಲ್ಲಿ ಹಲ್ಲು ಕ್ಲೀನಿಂಗ್, ಫಿಲ್ಲಿಂಗ್, ಕಟ್ಟುವ ಹಲ್ಲಿನ ಸೆಟ್ಟು ಯಾವುದಕ್ಕೂ ದುಡ್ಡಿಲ್ಲ. ಹೃದಯಕ್ಕೆ ಕೊಡುತ್ತಾರೆ, ಮಂಡಿಗೆ ಕೊಡುತ್ತಾರೆ. ಹಲ್ಲು ದೇಹದ ಭಾಗ ಅಲ್ಲ ಅಂತ ಯಾರು ತೀರ್ಮಾನ ಮಾಡಿದರೋ. ಅಜ್ಜ ಅದಕ್ಕೂ ಗೊಣಗುವುದಿಲ್ಲ. ಇಲ್ಲಿಯವರು ಗೊಣಗುವುದೇ ಇಲ್ಲ. ಆಲಿಕಲ್ಲು ಬಿದ್ದು ಇಡೀ ಬೆಳೆ ಹೋದರೂ, ಮುಂದಿನ ವರ್ಷ ನೋಡೋಣ ಅಂತಾರೆ. ಶಾಲೆಯಲ್ಲಿ ಫುಟ್‌ಬಾಲಿಗೆ 11 ಹುಡುಗರು ಸಿಗದೆ 8 ಜನರ ಆಟ ಆಡಿಸುತ್ತಾರೆ, ಅದಕ್ಕೂ ಊರೆಲ್ಲ ಹೋಗಿ ಚಪ್ಪಾಳೆ ತಟ್ಟುತ್ತದೆ. ಆಸ್ಪತ್ರೆಯಲ್ಲಿ ಹೆರಿಗೆ ನಿಲ್ಲಿಸಿದಾಗಲೂ ಹೀಗೇ ಸುಮ್ಮನಿದ್ದರಂತೆ. ಬಸುರಿಯರು ಈಗ ದಿನ ಹತ್ತಿರ ಬಂದ ಹಾಗೆ ಪಟ್ಟಣದ ನೆಂಟರ ಮನೆಗೆ ಹೋಗಿ ಕೂರುತ್ತಾರೆ. ಇವರೆಲ್ಲರ ಪಾಲಿನ ಗೊಣಗಾಟವನ್ನೂ ನಾನೊಬ್ಬಳೇ ಮಾಡುತ್ತಿದ್ದೇನೆ ಅನ್ನಿಸುತ್ತದೆ.

ಒಂದು ಸಲ ಉಚಿತ ಹಲ್ಲಿನ ಶಿಬಿರಕ್ಕೆ ಸ್ವಯಂಸೇವಕಿಯಾಗಿ ಹೋಗಿದ್ದೆ. ದೊಡ್ಡ ಹಾಲ್ ತುಂಬ ಕುರ್ಚಿ. ಜನ ಹಿಂದಿನ ರಾತ್ರಿಯೇ ಬಂದು ಸಾಲಿನಲ್ಲಿ ಮಲಗಿದ್ದರು. ಅಮೆರಿಕದಲ್ಲಿ, ಹೌದು. ನಾನು ಏನು ಓದಿದ್ದೇನೆ ಅಂತ ಹೇಳಿದೆ. ಪಾಪ, ಅವರು ನಿಯಮ ಮೀರುವ ಹಾಗಿಲ್ಲ. ಹಲ್ಲು ಕೀಳಿಸಿಕೊಂಡವರ ಕೈ ಹಿಡಿದು ಹೊರಗಿನ ಬೆಂಚಿನ ತನಕ ಬಿಡುವ ಕೆಲಸ ಕೊಟ್ಟರು. ಸಂಜೆ ತನಕ ಅದನ್ನೇ ಮಾಡಿದೆ. ಗಾಜ್ ಬಟ್ಟೆ ಕಚ್ಚಿಕೊಳ್ಳಿ, ಉಗುಳಬೇಡಿ ಅಂತ ಹೇಳುವಷ್ಟು ಡಾಕ್ಟರಿಕೆ ಮಾಡಿದೆ. ಅದಕ್ಕೆ ಲೈಸೆನ್ಸ್ ಕೇಳಲಿಲ್ಲ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟು ಅತ್ತೆ. ಇವರು ಹೊರಗಿಂದ, ಏನಾಯ್ತು, ಏನಾಯ್ತು ಅಂತ ಕೇಳುತ್ತಲೇ ಇದ್ದರು. ಏನು ಅಂತ ಹೇಳಲಿ?

ಇವರ ಮೇಲೂ ರೇಗುತ್ತೇನೆ, ಸುಳ್ಳು ಯಾಕೆ ಹೇಳಲಿ. "ಇನ್ನು ಹದಿನೇಳು ತಿಂಗಳು" ಅಂತಾರೆ. ಜೈಲಿನ ಗೋಡೆ ಮೇಲೆ ಗೀಟು ಹಾಕಿದ ಹಾಗೆ. ಮೂರು ವರ್ಷ ಮುಗಿದರೆ ನಾವು ಹೋಗುತ್ತೇವೆ ಅಂತ ಊರಿಗೂ ಗೊತ್ತು. ಮುಂಚೆ ಇದ್ದ ಡಾಕ್ಟರೂ ಹಾಗೇ ಹೋದರಂತೆ, ಅದಕ್ಕೂ ಮುಂಚಿನವರೂ. ಚರ್ಚಿನ ಹೆಂಗಸರು ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಡಾಕ್ಟರ ಹೆಂಡತಿ" ಅಂತಾರೆ. ಹೆಸರು ಕಲಿತು ಏನು ಮಾಡುವುದು, ಇನ್ನು ಹದಿನೇಳು ತಿಂಗಳಿಗೆ ಬೇರೆ ಹೆಸರು ಬರುತ್ತದಲ್ಲ. ಅಲ್ಲ, ನಾನೂ ಡಾಕ್ಟರೇ ಕಣ್ರೀ ಅಂತ ಒಂದು ದಿನ ಜೋರಾಗಿ ಹೇಳಿದೆ. ಓ, ಎಷ್ಟು ಚೆನ್ನಾಗಿದೆ ಅಂತ ಹೇಳಿ ಪೈ ತಟ್ಟೆ ಮುಂದೆ ಇಟ್ಟರು.

ಅಜ್ಜನಿಗೆ ಗಾರ್ಡನ್ ಸಿಟಿಯಲ್ಲಿ ಯಾರದೋ ಅಪಾಯಿಂಟ್‌ಮೆಂಟ್ ರದ್ದಾಗಿ ನಾಳೆ ಹತ್ತೂವರೆಗೆ ಸಿಕ್ಕಿದೆ. ಹಲ್ಲು ಕಿತ್ತ ಮೇಲೆ ಅಷ್ಟು ದೂರ ಒಬ್ಬರೇ ಓಡಿಸುವುದು ಬೇಡ ಅಂತ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಕೆಳಗಿನ ದವಡೆ, ಎಡಗಡೆ, ಕೊನೆಯಿಂದ ಎರಡನೆಯದು. ಊಹೆ, ಅಷ್ಟೇ. ಅವರು ಕುರ್ಚಿಯಲ್ಲಿರುವಾಗ ನಾನು ಹೋಗಿ ಸಾಮಾನು ತರುತ್ತೇನೆ. ಊರಿನ ಅಂಗಡಿಯಲ್ಲಿ ಕೊತ್ತಂಬರಿ ಬರದೆ ಆರು ವಾರ ಆಯಿತು. ಕಳೆದ ಸಲ ಅವಸರದಲ್ಲಿ 62 ಮೈಲಿಯಿಂದ, ಕೊತ್ತಂಬರಿ ಅಂದುಕೊಂಡು, ನೋಡಲು ಹಾಗೇ ಇರುವ ಪಾರ್ಸ್ಲಿ ಕಟ್ಟು ಹೊತ್ತು ತಂದಿದ್ದೆ. ಈ ಸಲ ಮೂಸಿ ನೋಡಿಯೇ ತರುತ್ತೇನೆ.