ಬಿಚ್ಚಿ ತೋರಿಸು, ಬರೆದು ಕೊಡು

ಅಪ್ಪನ ಅಂಬಾಸಿಡರ್ ಗದಗದಿಂದ ಹುಬ್ಬಳ್ಳಿಗೆ ಮರಳುವಾಗ ಅಣ್ಣಿಗೇರಿಯ ಹೊರಗೆ ನಿಂತುಬಿಟ್ಟಿತು. ಆಯಿಲ್ ಪಂಪ್ ಕೆಟ್ಟು, ಬೇರಿಂಗ್ ಸುಟ್ಟು, ಕನೆಕ್ಟಿಂಗ್ ರಾಡ್ ಮುರಿದು, ಅದು ಎಂಜಿನ್ನಿನ ಎರಕದ ಮೈಯಾದ ಬ್ಲಾಕಿನ ಗೋಡೆಯನ್ನೇ ಒಡೆದುಕೊಂಡು ಹೊರಗೆ ಇಣುಕಿತ್ತು. ಅಪ್ಪ ನಿವೃತ್ತ ಕನ್ನಡ ಮಾಸ್ತರರು. ಬರ್ಮಿಂಗ್‌ಹ್ಯಾಮಿನಲ್ಲಿದ್ದ ನನಗೆ ಫೋನ್ ಮಾಡಿ ಅವರು ಆಡಿದ ಮೊದಲ ಮಾತು: "ಪಂಪನ ಊರಿನಲ್ಲಿ ಪಂಪೇ ಕೈಕೊಟ್ಟಿತು ನೋಡು." ಐವತ್ತು ವರ್ಷದ ಕಾರು ಹೋದ ದುಃಖಕ್ಕಿಂತ ಶ್ಲೇಷೆ ಸಿಕ್ಕ ಸಂತೋಷವೇ ಆ ದನಿಯಲ್ಲಿ ಹೆಚ್ಚಾಗಿತ್ತು.

ಬ್ಲಾಕ್ ಹಾಗೆ ಒಡೆದ ಮೇಲೆ ರಿಪೇರಿಯ ಮಾತಿಲ್ಲ. ಹಳೆಯ ಎಂಜಿನ್ ಒಂದನ್ನು ಹುಡುಕಿ ತಂದು ಕೂರಿಸಬೇಕು. ಈ ಕೆಲಸದಲ್ಲಿ ನಾನು ಅಷ್ಟರಲ್ಲಾಗಲೇ ಒಮ್ಮೆ ಕೈ ಸುಟ್ಟುಕೊಂಡವನು. ನನ್ನ ಬಳಿ 1966ರ ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಇದೆ. ಒಂದು ವರ್ಷ ಚಳಿಗಾಲಕ್ಕೆ ಮುಂಚೆ ಅದರ ರೇಡಿಯೇಟರಿಗೆ ಬರೀ ನಲ್ಲಿಯ ನೀರು ತುಂಬಿ ಶೆಡ್ಡಿನಲ್ಲಿ ಬಿಟ್ಟೆ. ಜನವರಿಯಲ್ಲಿ ನೀರು ಹೆಪ್ಪುಗಟ್ಟಿ, ಹಿಗ್ಗಿ, ಬ್ಲಾಕನ್ನು ಸೀಳಿತು. ರೇಡಿಯೇಟರ್ ಕುದಿಯುವುದನ್ನಷ್ಟೇ ನೋಡಿ ಬೆಳೆದ ಹುಬ್ಬಳ್ಳಿಯವನಿಗೆ ಅದರ ನೀರು ಕಲ್ಲಾಗುತ್ತದೆ ಎಂಬ ಎಚ್ಚರ ಎಲ್ಲಿಂದ ಬರಬೇಕು!

ಎರಡೂ ಕಾರುಗಳ ಎಂಜಿನ್ ಒಂದೇ ಮನೆತನದ್ದು. ಆಸ್ಟಿನ್ ಕಂಪನಿ 1947ರಲ್ಲಿ ತನ್ನ ಎ40 ಕಾರಿಗೆ ಮಾಡಿದ ಎಂಜಿನ್ನೇ ಮುಂದೆ ಬಿ-ಸೀರೀಸ್ ಎನ್ನಿಸಿಕೊಂಡಿತು. ಅದರ 1489 ಸಿಸಿಯ ರೂಪ ಮಾರಿಸ್ ಆಕ್ಸ್‌ಫರ್ಡ್ ಕಾರಿಗೂ ಅದರ ಅಚ್ಚಿನಲ್ಲೇ ಬಂದ ನಮ್ಮ ಅಂಬಾಸಿಡರಿಗೂ ಕೂತಿತು. 1798 ಸಿಸಿಯದು ಎಂಜಿಬಿಗೆ ಹೋಯಿತು. ಆಕ್ಸ್‌ಫರ್ಡಿನ ಆ ಮಾದರಿಯನ್ನು ಇಂಗ್ಲೆಂಡ್ 1959ರಲ್ಲಿ ಕೈಬಿಟ್ಟರೆ, ಅಂಬಾಸಿಡರ್ ಮಾಡುತ್ತಿದ್ದ ಬಂಗಾಳದ ಉತ್ತರಪಾರಾದ ಕಾರ್ಖಾನೆ 2014ರವರೆಗೂ ಅದೇ ಮೈಕಟ್ಟನ್ನು ತಿದ್ದುತ್ತ ಕೂತಿತು. ನನ್ನ ಶೆಡ್ಡಿನಲ್ಲಿರುವುದೂ ಇಂಚಿನ ಪಾನಾ, ಹಳೆ ಹುಬ್ಬಳ್ಳಿಯ ನಮ್ಮ ಮೆಕ್ಯಾನಿಕ್ ಉಸ್ತಾದರ ಡಬ್ಬಿಯಲ್ಲಿರುವುದೂ ಇಂಚಿನ ಪಾನಾ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ನನ್ನ ಕಾರಿಗೆ ಬೇಕಾದದ್ದು 18ಜಿಬಿ ಎಂಬ ಎಂಜಿನ್. ಎಂಜಿಬಿಯ ಮೊದಲ ಎಂಜಿನ್ನುಗಳಲ್ಲಿ ಒಳಗೆ ತಿರುಗುವ ಕ್ರ್ಯಾಂಕ್ ದಂಡವನ್ನು ಹೊರಲು ಮೂರೇ ಮೇನ್ ಬೇರಿಂಗ್ ಇದ್ದವು. 1964ರ ಕೊನೆಯಲ್ಲಿ ಬಂದ 18ಜಿಬಿಯಲ್ಲಿ ಐದಾದವು. ಮಾರಲು ಇಟ್ಟಿದ್ದವರು ಒಬ್ಬ ಹವ್ಯಾಸಿ. ಎಂಜಿನ್ನಿಗಿಂತ ಮೊದಲು ಅವರು ಎದುರಿಗಿಟ್ಟದ್ದು ಒಂದು ದಪ್ಪ ಕಡತ: ಮೂವತ್ತು ವರ್ಷಗಳ ರಸೀದಿಗಳು, ಫೋಟೋಗಳು, ನಾಲ್ಕೂ ಸಿಲಿಂಡರುಗಳ ಕಂಪ್ರೆಶನ್, ಅಂದರೆ ಒಳಗಿನ ಗಾಳಿಯ ಒತ್ತಡದ ಅಂಕಿಗಳನ್ನು ಟೈಪ್ ಮಾಡಿದ ಹಾಳೆ. ಎಂಜಿನ್ನಿನ ಪಕ್ಕೆಗೆ ರಿವೆಟ್ ಹೊಡೆದ ಪುಟ್ಟ ತಗಡಿನ ಮೇಲೆ 18ಜಿಬಿ ಎಂದೇ ಇತ್ತು. "ಸಂಪ್ ಬಿಚ್ಚಿ ನೋಡಬಹುದೇ?" ಎಂದು ಎಂಜಿನ್ನಿನ ತಳದ ಆಯಿಲ್ ಪಾತ್ರೆಯನ್ನು ತೋರಿಸಿ ಕೇಳಿದೆ. ಅವರ ಮುಖ ಸಣ್ಣದಾಯಿತು. ಕಡತವನ್ನು ನೋಡಿದಿರಲ್ಲ, ಎಂದರು. ಊಟಕ್ಕೆ ಕರೆದವರ ಮನೆಯಲ್ಲಿ ಅಕ್ಕಿ ಆರಿಸಿದ್ದೀರಾ ಎಂದು ಕೇಳಿದವನ ಹಾಗೆ ನಾನೇ ನಾಚಿಕೊಂಡೆ. 450 ಪೌಂಡ್ ಎಣಿಸಿ ಹೊರಿಸಿಕೊಂಡು ಬಂದೆ. ಮನೆಯಲ್ಲಿ ಬೋರಲು ಹಾಕಿ ಸಂಪ್ ತೆಗೆದರೆ ಒಳಗೆ ಮೂರೇ ಬೇರಿಂಗ್.

ಬಲ್ಲವರು ಹಿಂಬದಿಯ ತಟ್ಟೆಯನ್ನು ನೋಡಿದ ಮಾತ್ರಕ್ಕೆ ಹೇಳಿಬಿಡುತ್ತಿದ್ದರು. ನಾನು ಕಾಗದ ನೋಡಿದ್ದೆ. ಆ ಇಡೀ ಕಡತದ ಸತ್ಯ ಎರಡು ರಿವೆಟ್ಟಿನ ಮೇಲೆ ನಿಂತಿತ್ತು. ಯಾವ ಕಾಲದಲ್ಲೋ ಯಾರೋ ಒಂದರ ತಗಡನ್ನು ಇನ್ನೊಂದಕ್ಕೆ ಹೊಡೆದಿದ್ದರು. ವ್ಯಾಪಾರಿಯಿಂದ ಕೊಂಡಿದ್ದರೆ ಅಲ್ಲಿನ 2015ರ ಗ್ರಾಹಕ ಕಾಯ್ದೆಯ ಪ್ರಕಾರ 30 ದಿನಗಳೊಳಗೆ ಹಿಂದಿರುಗಿಸಿ ಪೂರ್ತಿ ಹಣ ಕೇಳಬಹುದಿತ್ತು. ಖಾಸಗಿ ಮಾರಾಟಕ್ಕೆ ಆ ಆಸರೆ ಇಲ್ಲ. ಹೇಳಿದ್ದೊಂದು ಕೊಟ್ಟದ್ದೊಂದು ಎಂದು ವಾದಿಸಬಹುದು, ಅಷ್ಟೆ. ವಾದಿಸಿದೆ. ಅರ್ಧ ಹಣ ಬಂತು. ಅವರು ಮೋಸಗಾರರಲ್ಲ ಎಂದೇ ಇವತ್ತಿಗೂ ನಂಬಿದ್ದೇನೆ. ಅವರೂ ಕಡತವನ್ನು ಓದಿಯೇ ಆ ಎಂಜಿನ್ ಕೊಂಡಿದ್ದರು.

ಈ ನಂಬಿಕೆಗೆ ಒಂದು ಇತಿಹಾಸವಿದೆ ಎಂದು ಆಮೇಲೆ ತಿಳಿಯಿತು. ಆ ಕಾಲದ ಇಂಗ್ಲೆಂಡಿನಲ್ಲಿ ಸವೆದ ಎಂಜಿನ್ನನ್ನು ಡೀಲರಿಗೆ ಕೊಟ್ಟರೆ ಕಂಪನಿಯೇ ಹೊಸದರಂತೆ ಮಾಡಿದ, ಬಂಗಾರದ ಬಣ್ಣ ಬಳಿದ 'ಗೋಲ್ಡ್ ಸೀಲ್' ಎಂಜಿನ್ನನ್ನು ಬದಲಿಗೆ ಕೊಡುತ್ತಿತ್ತು. ಮುಚ್ಚಿದ ಎಂಜಿನ್ ಬರುತ್ತದೆ, ಜೊತೆಗೆ ಚೀಟಿ ಬರುತ್ತದೆ, ಒಳಗೇನಿದೆ ಎಂದು ಕೇಳುವ ಪ್ರಶ್ನೆಯೇ ಏಳುವುದಿಲ್ಲ. ಕಂಪನಿ ಹೋಯಿತು, ಚೀಟಿಯ ಮೇಲಿನ ಭಕ್ತಿ ಉಳಿಯಿತು. ಎಲ್ಲರೂ ಹಾಗಲ್ಲ ಎಂಬುದನ್ನೂ ಹೇಳಬೇಕು. ಹ್ಯಾಂಪ್‌ಶೈರಿನ ಬ್ಯೂಲಿಯಲ್ಲಿ 1967ರಿಂದ ಹಳೆಯ ಕಾರಿನ ಬಿಡಿಭಾಗಗಳ ದೊಡ್ಡ ಸಂತೆ ನಡೆಯುತ್ತದೆ, ಈಗ ಪ್ರತಿ ಸೆಪ್ಟೆಂಬರಿನಲ್ಲಿ. ನನಗೆ ಸರಿಯಾದ ಎಂಜಿನ್ ಸಿಕ್ಕಿದ್ದು ಅಲ್ಲಿ, ಸಂಪ್ ಬಿಚ್ಚಿ ಎಂಜಿನ್ನನ್ನು ಬೋರಲು ಮಲಗಿಸಿಟ್ಟಿದ್ದ ಒಬ್ಬ ಮುದುಕರ ಬಳಿ. ನೋಡಿದೊಡನೆ ಊರಿನವರೊಬ್ಬರು ಸಿಕ್ಕಂತಾಯಿತು.

ನಮ್ಮಲ್ಲಿ ಗೋಲ್ಡ್ ಸೀಲ್ ಇರಲಿಲ್ಲ. ಸಿಲಿಂಡರ್ ಸವೆದರೆ ಬೋರ್ ಹಾಕಿಸು, ಅಂದರೆ ಕೊರೆಸಿ ಅಗಲಿಸಿ ದೊಡ್ಡ ಪಿಸ್ಟನ್ ಕೂರಿಸು, ಮತ್ತೆ ಸವೆದರೆ ಮತ್ತೆ ಬೋರ್ ಹಾಕಿಸು, ಬೋರ್ ಹಾಕಲು ಜಾಗವೇ ಉಳಿಯದಿದ್ದರೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಇಳಿಸು. ಬಿಚ್ಚುವುದೇ ಬದುಕಾದ ಊರಿನಲ್ಲಿ ಬಿಚ್ಚಿ ತೋರಿಸು ಎಂದರೆ ಯಾರಿಗೆ ಬೇಸರ? ನಾನು ರಜೆ ಹಾಕಿ ಬಂದಾಗ ಉಸ್ತಾದರು ಫೋನಿನಲ್ಲೂ ಹುಡುಕಿರಲಿಲ್ಲ, ಗುಜರಿ ಅಂಗಡಿಗಳಿಗೂ ಹೋಗಿರಲಿಲ್ಲ. ಚಹಾ ಕುಡಿಯುತ್ತ ಅಪ್ಪನನ್ನು ಒಂದೇ ಪ್ರಶ್ನೆ ಕೇಳಿದರು: "ಮಾಸ್ತರೇ, ನಿಮ್ಮ ಗುರುತಿನವರಲ್ಲಿ ಪೆಟ್ರೋಲ್ ಅಂಬಾಸಿಡರಿಗೆ ಡೀಸೆಲ್ ಎಂಜಿನ್ ಹಾಕಿಸಿದವರು ಯಾರು ಯಾರು?" ಎಂಥ ಪ್ರಶ್ನೆ! ಪೆಟ್ರೋಲ್ ತುಟ್ಟಿಯಾಯಿತೆಂದು ಡೀಸೆಲ್ಲಿಗೆ ಬದಲಾಯಿಸಿದವರ ಮನೆಯಲ್ಲಿ ತೆಗೆದಿಟ್ಟ ಪೆಟ್ರೋಲ್ ಎಂಜಿನ್ ಎಲ್ಲಾದರೂ ಬಿದ್ದಿರಲೇಬೇಕು. ಕಬ್ಬಿಣವನ್ನು ತೂಕಕ್ಕೆ ಹಾಕಲು ನಮ್ಮ ಜನಕ್ಕೆ ಮನಸ್ಸು ಬರುವುದಿಲ್ಲ.

ಸಿಕ್ಕಿದ್ದು ಸವಣೂರಿನಲ್ಲಿ, ಎಲೆ ವ್ಯಾಪಾರಿಯೊಬ್ಬರ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ. ಗೋಣಿಚೀಲ ಹೊದ್ದು ಇಪ್ಪತ್ತೈದು ವರ್ಷಗಳಿಂದ ಕೂತಿತ್ತು. ಮೇಲೊಂದು ಕೋಳಿ ಕಾವಿಗೆ ಕುಳಿತಿತ್ತು, ಅದನ್ನು ಎಬ್ಬಿಸಲು ಎಂಜಿನ್ನಿನ ವ್ಯವಹಾರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಉಸ್ತಾದರು ನಾಲ್ಕೂ ಪ್ಲಗ್ ಕಳಚಿ, ರಂಧ್ರಗಳಿಗೆ ಎರಡೆರಡು ಚಮಚ ಎಣ್ಣೆ ಬಿಟ್ಟು, ಹ್ಯಾಂಡಲ್ ಹಾಕಿ ಮೆಲ್ಲಗೆ ತಿರುವಿದರು. ತಿರುಗಿತು. ನನ್ನ ಹೆಬ್ಬೆರಳನ್ನು ಹಿಡಿದು ಮೊದಲನೆಯ ರಂಧ್ರಕ್ಕೆ ಒತ್ತಿಸಿ, "ಗಟ್ಟಿಯಾಗಿ ಹಿಡಿ, ತಮ್ಮಾ," ಎಂದರು. ಪಿಸ್ಟನ್ ಮೇಲೇರಿ ಬಂದಾಗ ಗಾಳಿ ಬೆರಳನ್ನು ತಳ್ಳಿತು. ಮೂರನೆಯದರಲ್ಲಿ ತಳ್ಳಲಿಲ್ಲ, ಬೆರಳ ಸಂದಿನಿಂದ ಸುಮ್ಮನೆ ಉಸಿರು ಬಿಟ್ಟಂತಾಯಿತು. ಇದೇ ಅವರ ಕಂಪ್ರೆಶನ್ ಪರೀಕ್ಷೆ. ಅಂಕಿ ಇಲ್ಲ, ಆದರೆ ನಾನು ಮುಟ್ಟಿದ್ದೇನೆ.

ನಾವು ಕೇಳುವ ಮೊದಲೇ ಎಲೆ ವ್ಯಾಪಾರಿ ಒಳಗಿನಿಂದ ತಮ್ಮದೇ ಪಾನಾ ತಂದರು. ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ ಎತ್ತಿದೆವು. ಉಸ್ತಾದರು ಸೀಮೆ ಎಣ್ಣೆಯ ಬಟ್ಟೆಯಿಂದ ಪಿಸ್ಟನ್ನಿನ ತಲೆಯ ಮಸಿಯನ್ನು ಒರೆಸಿದರು. ಕರಿಯ ನಡುವೆ ಮೂರು ಅಂಕೆಗಳು ಹೊಳೆದವು: 040. ಇಂಚನ್ನು ಸಾವಿರ ಭಾಗ ಮಾಡಿದರೆ ಅದರಲ್ಲಿ ನಲವತ್ತು ಭಾಗದಷ್ಟು ಮೂಲದ್ದಕ್ಕಿಂತ ದೊಡ್ಡ ಪಿಸ್ಟನ್ ಎಂದು ಅರ್ಥ. ಹತ್ತು, ಇಪ್ಪತ್ತು, ಮೂವತ್ತು ದಾಟಿ ಇದು ಕೊನೆಯ ಮೆಟ್ಟಿಲು. ಇನ್ನು ಬೋರ್ ಹಾಕುವಂತಿಲ್ಲ. ಉಸ್ತಾದರು ಸಿಲಿಂಡರಿನ ಅಂಚಿನ ಒಳಗೆ ಉಗುರು ಎಳೆದರು, ನನಗೂ ಎಳೆಯಲು ಹೇಳಿದರು. ಉಗುರು ಒಂದು ಉಬ್ಬಿದ ಗೆರೆಗೆ ತಟ್ಟಿ ನಿಂತಿತು. ರಿಂಗ್ ಓಡಾಡಿದಷ್ಟು ಸವೆದು, ಓಡಾಡದ ಮೇಲಂಚು ಉಳಿದಿದೆ. "ನಾಲ್ಕು ಪಂಕ್ತಿಯಲ್ಲಿ ಉಂಡು ಎದ್ದಿದೆ, ಸಾಹುಕಾರರೇ," ಎಂದು ಉಸ್ತಾದರು ನಕ್ಕರು. ಎಲೆ ವ್ಯಾಪಾರಿಯೂ ಬಗ್ಗಿ ಉಗುರು ಎಳೆದು ನೋಡಿ ತಲೆ ಆಡಿಸಿದರು. 18 ಸಾವಿರ ಎಂದಿದ್ದ ಎಂಜಿನ್ 11 ಸಾವಿರಕ್ಕೆ ಇಳಿಯಿತು, ಚೌಕಾಸಿಯ ಒಂದು ಮಾತಿಲ್ಲದೆ. ಬ್ಲಾಕ್ ಗಟ್ಟಿ ಇತ್ತು, ನಮಗೆ ಬೇಕಾದದ್ದು ಅದೇ. ಸ್ಲೀವಿನ ಖರ್ಚು ಎಷ್ಟೆಂದು ಕೊಳ್ಳುವ ಮೊದಲೇ ಗೊತ್ತಿತ್ತು. 450 ಪೌಂಡ್ ಕೊಟ್ಟಾಗ ನನಗೆ ಗೊತ್ತಿರಲಿಲ್ಲ.

ಇಲ್ಲಿಯವರೆಗೆ ನಾನು ನಮ್ಮೂರಿನ ಪಕ್ಷ. ಮುಂದಿನದು ಕೇಳಿ.

ಅಪ್ಪ ಜೇಬಿನಿಂದ ಛಾಪಾ ಕಾಗದ ತೆಗೆದು, ಎಂಜಿನ್ ಸಂಖ್ಯೆ ಹಾಕಿ ಮಾರಾಟದ ಪತ್ರ ಬರೆದು ಕೊಡಿ ಎಂದಾಗ ಕೊಟ್ಟಿಗೆಯ ಗಾಳಿಯೇ ಬದಲಾಯಿತು. ಎದೆ ಸೀಳಿ ತೋರಿಸುವಂತೆ ಎಂಜಿನ್ ಬಿಚ್ಚಿ ತೋರಿಸಿದ ಮನುಷ್ಯ, "ಮಾಸ್ತರೇ, ನನ್ನ ಮಾತಿನ ಮೇಲೆ ಇಷ್ಟು ಅಪನಂಬಿಕೆಯೇ?" ಎಂದರು. ಬರ್ಮಿಂಗ್‌ಹ್ಯಾಮಿನಲ್ಲಿ ಸಂಪ್ ಬಿಚ್ಚಲೇ ಎಂದಾಗ ಕಂಡ ಅದೇ ಮುಖ. ಅಲ್ಲಿದ್ದ ಇನ್ನೊಬ್ಬರು ಸುಲಭದ ದಾರಿಯನ್ನೂ ತೋರಿಸಿದರು: ಇದರ ಸಂಖ್ಯೆಯನ್ನು ಉಜ್ಜಿ ಹಾಕಿ ನಿಮ್ಮ ಹಳೆಯ ಸಂಖ್ಯೆಯನ್ನೇ ಕುಟ್ಟಿಸಿದರಾಯಿತು, ಯಾರು ನೋಡುತ್ತಾರೆ? ಇದನ್ನು ಹೇಳಿದವರು ಕಳ್ಳರಲ್ಲ, ಒಳ್ಳೆಯ ಗೃಹಸ್ಥರು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಪಿಸ್ಟನ್ ವಿಷಯದಲ್ಲಿ ಒಂದು ಕೂದಲೆಳೆ ಸುಳ್ಳು ಹೇಳದವರು ಸಂಖ್ಯೆಯ ವಿಷಯದಲ್ಲಿ ಕಣ್ಣು ಮಿಟುಕಿಸುತ್ತಾರೆ, ಕಾಗದವೆಂದರೆ ಕಚೇರಿಯವರ ಕಾಟ ತಪ್ಪಿಸುವ ಆಟ ಎಂದುಕೊಂಡು.

ನಮ್ಮಲ್ಲಿ ಖಾಸಗಿ ಕಾರಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಆಗ ಎಂಜಿನ್ ಸಂಖ್ಯೆಗೂ ನೋಂದಣಿ ಪತ್ರಕ್ಕೂ ತಾಳೆಯಾಗಬೇಕು. ಇಂಗ್ಲೆಂಡಿನಲ್ಲೂ ಸಂಖ್ಯೆ ಬದಲಾದರೆ ತಿಳಿಸಲೇಬೇಕು. ನಾನು ನೋಂದಣಿ ಪತ್ರದ ಜೊತೆ ರಸೀದಿ ಇಟ್ಟು ಸ್ವಾನ್ಸೀಯ ವಾಹನ ನೋಂದಣಿ ಕಚೇರಿಗೆ ಅಂಚೆಯಲ್ಲಿ ಕಳಿಸಿದೆ, ಹೊಸದು ಮನೆಗೆ ಬಂತು. ಐವತ್ತು ದಾಟಿದ ಕಾರುಗಳಿಗೆ 2021ರಲ್ಲಿ ಬಂದ 'ವಿಎ' ಸರಣಿಯ ನೋಂದಣಿ ಮಾಡಿಸೋಣವೇ ಎಂದು ಅಪ್ಪನನ್ನು ಕೇಳಿದೆ. ಆ ಕಾರನ್ನು ಪ್ರದರ್ಶನ, ರ‍್ಯಾಲಿಗಳಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ ಎಂದು ತಿಳಿದೊಡನೆ, "ಹಾಗಾದರೆ ಕಾಯಿಪಲ್ಲೆ ತರುವವರು ಯಾರು?" ಎಂದು ಆ ಮಾತನ್ನು ಅಲ್ಲಿಗೇ ಮುಗಿಸಿದರು.

ಎಲೆ ವ್ಯಾಪಾರಿಯ ಮುನಿಸನ್ನು ಅಪ್ಪ ಇಳಿಸಿದ್ದು ವಾದದಿಂದಲ್ಲ. "ನೀವು ಎಂಜಿನ್ ಬಿಚ್ಚಿದ್ದು ನನಗೆ ನಿಮ್ಮ ಮೇಲೆ ಅಪನಂಬಿಕೆ ಇತ್ತೆಂದೇ?" ಎಂದು ಕೇಳಿ ಸುಮ್ಮನೆ ಕುಳಿತರು. ಸ್ವಲ್ಪ ಹೊತ್ತಿಗೆ ಅವರೇ ಪೆನ್ನು ಕೇಳಿದರು. ಸಂಖ್ಯೆಯ ಮೇಲೆ ತೆಳು ಹಾಳೆ ಇಟ್ಟು ಅಪ್ಪ ಪೆನ್ಸಿಲ್ ತಿಕ್ಕಿ ಅಚ್ಚು ತೆಗೆದರು, ಅದನ್ನು ಪತ್ರಕ್ಕೆ ಅಂಟಿಸಿ ಇಬ್ಬರೂ ಸಹಿ ಹಾಕಿದರು. ಎಂಜಿನ್ ಟಂಟಂ ಏರಿ ಹುಬ್ಬಳ್ಳಿಗೆ ಬಂತು, ನಾವು ಹಿಂದಿನ ಸೀಟಿನಲ್ಲಿ ಸವಣೂರು ಖಾರ ತಿನ್ನುತ್ತ ಬಂದೆವು.

ಸ್ಲೀವ್ ಇಳಿಸಿದ್ದು ಗೋಕುಲ ರಸ್ತೆಯ ಒಂದು ಲೇತಿನಲ್ಲಿ. ಕಾರು ಈಗ ಓಡುತ್ತಿದೆ. ಕ್ರ್ಯಾಂಕಿನ ಹಿಂಬದಿಯಲ್ಲಿ ಮಾತ್ರ ಆಯಿಲ್ ಹನಿಯುತ್ತದೆ. ಆ ಎಂಜಿನ್ನಿಗೆ ಅಲ್ಲಿ ಸೀಲ್ ಇಲ್ಲ, ಆಯಿಲನ್ನು ಒಳಕ್ಕೆ ಹಿಂದೂಡಲು ತಿರುಪಿನಂಥ ಗೆರೆ ಕೊರೆದಿರುತ್ತಾರೆ, ಸವೆದ ಮೇಲೆ ಅದು ಅಷ್ಟೇ. ನನ್ನ ಶೆಡ್ಡಿನಲ್ಲಿ ಇದಕ್ಕೆಂದೇ ಕೊಂಡ ತಟ್ಟೆ ಇದೆ. ಅಪ್ಪ ಕಾರಿನ ಕೆಳಗೆ ಒಂದು ಬೋಗುಣಿ ಇಟ್ಟಿದ್ದಾರೆ. ಅದು ಎಲ್ಲಿ ಹೋಯಿತೆಂದು ಅವ್ವ ಅಡುಗೆಮನೆಯಲ್ಲಿ ಇನ್ನೂ ಹುಡುಕುತ್ತಿದ್ದಾಳೆ.