ಹೊಟ್ಟೆಯ ಬಸ್ಸಿಗೆ ಟವೆಲ್ ಹಾಕಿದವರು

ಮೊನ್ನೆ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಎರಡು ಪ್ಲೇಟ್ ಗಿರಮಿಟ್, ಮೇಲೆ ಐದು ಮಿರ್ಚಿ ತಿಂದೆ. ರಾತ್ರಿ ಹೊಟ್ಟೆ ಕೆಟ್ಟಿತು. ತಪ್ಪು ಗಿರಮಿಟ್ಟಿನದಲ್ಲ, ನನ್ನ ಆಸೆಯದು.

ಬೆಳಿಗ್ಗೆ ಓಣಿಯ ಔಷಧ ಅಂಗಡಿಗೆ ಹೋಗಿ "ಹೊಟ್ಟಿ ಕೆಟ್ಟೈತಿ ತಮ್ಮಾ" ಅನ್ನುವಷ್ಟರಲ್ಲಿ ಕತ್ತರಿ ತನ್ನ ಕೆಲಸ ಮುಗಿಸಿತ್ತು. ಆರು ಆಂಟಿಬಯಾಟಿಕ್ ಗುಳಿಗೆ. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ. ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ ಅಂತ ಅದರ ಅರ್ಥ. ನಮ್ಮ ಕಡೆ ಅದು ಕತ್ತರಿ ನೆಟ್ಟಗೆ ಹೋಗಲಿ ಅಂತ ಎಳೆದ ಗೆರೆ. ಹೆಚ್ಚಿನ ಭೇದಿಗೆ ಓಆರ್‌ಎಸ್ ಸಾಕು ಎನ್ನುವ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ.

"ಇದರ ಜೋಡಿ ಈ ಪ್ರೋಬಯಾಟಿಕ್ ಕ್ಯಾಪ್ಸೂಲನ್ನೂ ತಗೋರಿ ಸರ," ಅಂದ ಅಂಗಡಿಯ ಹುಡುಗ.

"ಮೊದಲನೇದು ಏನು ಮಾಡತೈತಿ?"

"ಬ್ಯಾಕ್ಟೀರಿಯಾ ಕೊಲ್ಲತೈತ್ರಿ."

"ಎರಡನೇದು?"

"ಬ್ಯಾಕ್ಟೀರಿಯಾ ಹಾಕತೈತ್ರಿ."

ರಸ್ತೆಗೆ ಡಾಂಬರು ಹಾಕಿ, ಮರುದಿನ ಪೈಪಿಗೆಂದು ಅಗೆಯುವ ಊರಿನವನು ನಾನು. ತಕ್ಷಣ ಅರ್ಥವಾಯಿತು.

"ಎರಡೂ ಒಮ್ಮೆಲೇ ನುಂಗ್ಲೇನು?"

"ಹೂಂ ರೀ, ಒಳಗ ಅವ ನೋಡಿಕೋತಾವ."

ಒಳಗೆ ನಡೆಯುವುದು ಸೀಟಿನ ಜಗಳ. ಗದಗ ಬಸ್ಸು ಬರುತ್ತಲೇ ಕಿಟಕಿಯಿಂದ ಟವೆಲ್ ಬೀಳುತ್ತದಲ್ಲ, ಹಾಗೆ. ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಂ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಮಂದಿ ಕರುಳಿನ ಗೋಡೆಯ ಜಾಗ ಮೊದಲೇ ಹಿಡಿದು ಕೂತಿರುತ್ತಾರೆ. ತಡವಾಗಿ ಬಂದ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅಂಟಿಕೊಳ್ಳಲು ಗೋಡೆ ಹುಡುಕಬೇಕು. ಬುತ್ತಿಯನ್ನೂ ಇವರೇ ಖಾಲಿ ಮಾಡಿರುತ್ತಾರೆ. ಸಾಲದ್ದಕ್ಕೆ ಆಮ್ಲ ಬಿಟ್ಟು ಸುತ್ತೆಲ್ಲ ಹುಳಿ ಮಾಡುತ್ತಾರೆ, ಪುಂಡರಿಗೆ ಆ ಹುಳಿ ಆಗಿಬರುವುದಿಲ್ಲ. ಕೆಲವರ ಚೀಲದಲ್ಲಿ ಬ್ಯಾಕ್ಟೀರಿಯೋಸಿನ್ ಅನ್ನುವ ವಿಷವೂ ಇರುತ್ತದೆ, ಎದುರಾಳಿಯನ್ನು ಕೊಲ್ಲಲಿಕ್ಕೆ. (ಗದಗ ಬಸ್ಸಿನಲ್ಲಿ ಇಷ್ಟು ದೂರ ಹೋಗುವುದಿಲ್ಲ. ಬೈಗುಳದಲ್ಲೇ ಮುಗಿಯುತ್ತದೆ.)

ಆಂಟಿಬಯಾಟಿಕ್ ಎಂಬ ಚೆಕಿಂಗ್ ಸಾಹೇಬರು ಹತ್ತಿದರೋ, ಟಿಕೆಟ್ ಇದ್ದವರನ್ನೂ ಇಲ್ಲದವರನ್ನೂ ಒಟ್ಟಿಗೇ ಇಳಿಸಿಬಿಡುತ್ತಾರೆ. ಸೀಟು ಖಾಲಿ ಕಂಡರೆ ಸಿ. ಡಿಫಿಸಿಲ್‌ನಂಥ ಭೇದಿ ತರುವ ಪುಂಡ ಬ್ಯಾಕ್ಟೀರಿಯಾಗಳು ಬಿಡುತ್ತಾರಾ? ಕಾಲು ಚಾಚಿ ಮಲಗುತ್ತಾರೆ. ಅವರನ್ನು ತಡೆಯಲು ನಾವು ಮತ್ತೆ ದುಡ್ಡು ಕೊಟ್ಟು ಹಳೆ ಪ್ರಯಾಣಿಕರ ನೆಂಟರನ್ನು ಕ್ಯಾಪ್ಸೂಲಿನಲ್ಲಿ ಕೂರಿಸಿ ಕಳಿಸಬೇಕು. ಅದೂ ಸಾಹೇಬರು ಬಸ್ಸಿನಲ್ಲಿ ಇರುವಾಗಲೇ.

ಬಿಲ್ಲು ಕೊಟ್ಟು ಮನೆಗೆ ಬಂದೆ. ಕ್ಯಾಪ್ಸೂಲ್ ಡಬ್ಬಿಯ ಮೇಲೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾದ ಲೆಕ್ಕ ಅಚ್ಚಾಗಿತ್ತು. ಮನೆಯ ಮೊಸರಿಗೆ ಅಂಥ ಲೆಕ್ಕ ಯಾರೂ ಬರೆದಿಟ್ಟಿಲ್ಲ, ನಿಜ. ಅಂಗಳದಲ್ಲಿ ಮಗಳು ಮೊಸರಿನ ಗಡಿಗೆಯನ್ನು ಗಟಾರದ ಮೇಲೆ ಬೋರಲು ಹಿಡಿದಿದ್ದಳು.

"ಯಾಕವ್ವಾ?"

"ಹುಳಿ ಆಗೇತಿ ಅಪ್ಪಾ. ಬ್ಯಾಕ್ಟೀರಿಯಾ ಆಗಿರ್ತಾವ."